ಎದೆ ಗಟ್ಟಿಯಾಯಿತಾ? ಹಿಂಡಬೇಡಿ, ಬಿಗಿಯಬೇಡಿ

ಕೂಸಿಗೆ ಡಬ್ಬಿ ಹಾಲು ಅಂತ ಮನೆಯಲ್ಲಿ ತೀರ್ಮಾನ ಆಗಿರುತ್ತದೆ. ಡಬ್ಬಿ ಬಂದಿರುತ್ತದೆ, ಬಾಟಲಿ ಬಂದಿರುತ್ತದೆ, ಬಾಟಲಿ ಕುದಿಸಲು ಹೊಸ ಪಾತ್ರೆಯೂ ಬಂದಿರುತ್ತದೆ. ತಾಯಿಯ ಎದೆಗೆ ಬೇಕಾದ್ದನ್ನು ಮಾತ್ರ ಯಾರೂ ತಂದಿಟ್ಟಿರುವುದಿಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ ಎದೆ ಬಿಗಿದು, ಕಾದು, ರವಿಕೆ ತಾಗಿದರೂ ಚೀರುವಂತಾದಾಗ ಎಲ್ಲರೂ ಗಾಬರಿ. "ಕುಡಿಸೂದ ಇಲ್ಲ, ಮತ್ತ ಹಾಲ್ಯಾಕ ಬಂತು?" ಅಂತ ಕೇಳುತ್ತಾರೆ. ಅದೂ ಓದಿದ ಹುಡುಗಿಯರು. ಸಿಟ್ಟು ಬರದೆ ಇನ್ನೇನು ಬರುತ್ತದೆ?

ನೀವು ಡಬ್ಬಿ ತಂದದ್ದು ಎದೆಗೇನು ಗೊತ್ತು? ಬಸುರಿಯಾಗಿದ್ದಾಗ ಹಾಲನ್ನು ತಡೆದಿಟ್ಟಿದ್ದ ಹಾರ್ಮೋನು ಮಾಸು ಬಿದ್ದ ಮೇಲೆ ತಟ್ಟನೆ ಕಡಿಮೆಯಾಗುತ್ತದೆ. ಆಮೇಲೆ ಎರಡರಿಂದ ಐದು ದಿನದೊಳಗೆ ಹಾಲು ತಾನಾಗಿ ತುಂಬಿಕೊಳ್ಳುತ್ತದೆ. ಕೂಸು ಕುಡಿಯಲಿ ಬಿಡಲಿ, ಸಿಸೇರಿಯನ್ ಆಗಿರಲಿ ಬಿಡಲಿ. ಜೊತೆಗೆ ಅಲ್ಲಿಗೆ ರಕ್ತವೂ ಜಾಸ್ತಿ ಹರಿಯುತ್ತದೆ, ಅದಕ್ಕೇ ಆ ಬಾವು. ಹಾಲು ಹೊರಗೆ ಹೋಗದೆ ನಿಂತರೆ ಮೈ ತಾನೇ ತಿಳಿದುಕೊಂಡು ತಯಾರಿ ನಿಲ್ಲಿಸುತ್ತದೆ. ಜೋರು ನೋವು ಒಂದೆರಡು ದಿನದ್ದು. ಪೂರ್ತಿ ಬತ್ತಲು ಕೆಲವು ವಾರ ಬೇಕು. ನಡುವೆ ನೀವು ಕೈ ಹಾಕಿ ಕೆಡಿಸದಿದ್ದರೆ ಸಾಕು.

ಆದರೆ ಸುಮ್ನೆ ಇರುವವರು ಯಾರು? ಒಬ್ಬಳು ಪಂಪು ತರಿಸಿ ಪೂರ್ತಿ ಖಾಲಿ ಮಾಡುತ್ತಾಳೆ. "ಎಷ್ಟ ಹಗುರಾತು ನೋಡ್ರಿ" ಅನ್ನುತ್ತಾಳೆ. ಮಾರನೇ ದಿನ ಅದಕ್ಕಿಂತ ಜಾಸ್ತಿ. ಆಗುವುದೇ! ಖಾಲಿ ಮಾಡಿದಷ್ಟೂ ಇನ್ನೂ ಬೇಕು ಅಂತ ಮೈಗೆ ಹೇಳಿದ ಹಾಗೆ. ಇನ್ನೊಬ್ಬಳ ಅತ್ತೆ ಹಳೇ ಸೀರೆ ಸೀಳಿ ಎದೆಗೆ ಉಸಿರು ಕಟ್ಟುವಂತೆ ಸುತ್ತುತ್ತಾಳೆ. ಹಾಗೆ ಬಿಗಿದರೆ ಹಾಲಿನ ನಾಳ ಕಟ್ಟಿಕೊಂಡು ಗಂಟಾಗುತ್ತದೆ, ಕೀವು ಆದರೂ ಆದೀತು. ಮೂರನೆಯದು ಎರೆಯುವುದು. ನಮ್ಮ ಕಡೆ ಬಾಣಂತಿಗೆ ಕೊಡಗಟ್ಟಲೆ ಬಿಸಿ ನೀರು ಎರೆಯುತ್ತೇವೆ, ಬೇಡ ಅನ್ನುವುದಿಲ್ಲ. ಬೆನ್ನಿಗೆ, ಸೊಂಟಕ್ಕೆ ಎಷ್ಟು ಬೇಕೋ ಎರೆಯಿರಿ. ಎದೆಗೆ ಮಾತ್ರ ಬಿಸಿ ನೀರು ಬೀಳಬಾರದು, ಅಗ್ಗಿಷ್ಟಿಕೆಯ ಶಾಖವೂ ಬೇಡ. ಬಿಸಿ ತಾಗಿದರೆ ಹಾಲು ಹರಿಯತೊಡಗುತ್ತದೆ.

ಊಟದ ವಿಷಯದಲ್ಲಿ ಹಿರಿಯರನ್ನೇ ಬೈಯಬೇಕು. ಹಾಲು ಬತ್ತಲಿ ಅಂತ ಒಂದು ಕಡೆ ಹೇಳುತ್ತೀರಿ, ಇನ್ನೊಂದು ಕಡೆ ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ, ಮೆಂತ್ಯದ ಹಿಟ್ಟು, ಬೆಳ್ಳುಳ್ಳಿ ಅಂತ ತಟ್ಟೆ ತುಂಬುತ್ತೀರಿ. ಅವನ್ನೆಲ್ಲ ಹಾಲು ಹೆಚ್ಚಲಿ ಅಂತಲೇ ಅಲ್ವಾ ಕೊಡುವುದು? ಕೆಲವು ವಾರ ಬದಿಗಿಡಿ. ಅಂಟಿನುಂಡಿ ಕೊಡಿ, ಉತ್ತತ್ತಿ ಕೊಡಿ, ಮೈಗೆ ಶಕ್ತಿ ಬೇಕು. ನೀರು ಮಾತ್ರ ಕಡಿಮೆ ಮಾಡಬೇಡಿ. ನೀರು ಕುಡಿಯದಿದ್ದರೆ ಹಾಲು ಬತ್ತುತ್ತದೆ ಅನ್ನುವುದು ಸುಳ್ಳು. ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಬಾಣಂತಿಯನ್ನು ಬಾಯಾರಿಸಿ ಕೂರಿಸುವುದು ಯಾವ ಸೀಮೆಯ ಬಾಣಂತನ?

ಮಾಡಬೇಕಾದ್ದು ಇಷ್ಟೇ. ಎದೆಗೆ ಆಸರೆ ಕೊಡಬೇಕು, ತಂಪು ಕೊಡಬೇಕು, ಕೈ ಹಚ್ಚಬಾರದು. ಆಸರೆಗೆ ತಂತಿ ಇಲ್ಲದ ಅರಿವೆಯ ಬ್ರಾ ಸಾಕು. ಮೈಗೆ ಹತ್ತಿ ಕೂರಬೇಕು, ಚರ್ಮದಲ್ಲಿ ಗೆರೆ ಮೂಡಬಾರದು. ರಾತ್ರಿಯೂ ತೆಗೆಯಬೇಡಿ. ನೋವು ತಡೆಯಲಾಗದಷ್ಟು ಬಂದರೆ ಬೆರಳಿನಿಂದ ಹಗುರಾಗಿ ಒತ್ತಿ, ಬಿಗಿ ಸಡಿಲಾಗುವಷ್ಟು ಮಾತ್ರ ತೆಗೆಯಿರಿ. ಕೆಲವು ಹನಿ. ಅಲ್ಲಿಗೇ ನಿಲ್ಲಿಸಿ.

ತಂಪಿಗೆ ನನ್ನ ನಂಬಿಕೆ ಎದೆಯ ಮೇಲೆ ಇಡುವ ಮಲ್ಲಿಗೆ. ನಗಬೇಡಿ. ಹಳೇ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರು ಏರಿ ನಾವೆಲ್ಲ ನವನಗರಕ್ಕೆ ಬರುವ ಮುಂಚೆ, ನಮ್ಮ ಓಣಿಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಕೂಸು ಉಳಿಯದ ತಾಯಂದಿರಿಗೂ ಹಾಲು ಬರುತ್ತದೆ, ಆ ಸಂಕಟ ಬೇರೆಯೇ. ಅಂಥವರ ಮನೆಗೆ ಆಕೆ ಸಂಜೆ ಸೆರಗಿನಲ್ಲಿ ಮಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಒಂದು ಮಾತೂ ಆಡದೆ ಕೆಲಸ ಮುಗಿಸಿ ಬರುತ್ತಿದ್ದಳು. ಇದು ಬರೀ ಮುದುಕಿಯರ ಮಾತು ಅನ್ನಬೇಡಿ. 1988ರಲ್ಲಿ ವೆಲ್ಲೂರಿನ ವೈದ್ಯರು ಮಲ್ಲಿಗೆ ಹೂವನ್ನು ಹಾಲು ಬತ್ತಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿ, ಬಾವು ಇಳಿಸುವುದರಲ್ಲಿ ಹೂವೇನೂ ಹಿಂದೆ ಬೀಳಲಿಲ್ಲ ಅಂತ ಬರೆದಿದ್ದಾರೆ.

ಆದರೆ ಸರಿಯಾಗಿ ಮಾಡಬೇಕು. ದುಂಡು ಮಲ್ಲಿಗೆಯೇ ಆಗಬೇಕು. ಕಾಕಡಾ ಅಗ್ಗ ಅಂತ ತಂದು ಕೊಟ್ಟರೆ ನಾನು ಹಿಂದಕ್ಕೆ ಕಳಿಸುತ್ತೇನೆ. ಸಂಜೆ ತನ್ನಿ, ಮೊಗ್ಗು ತುಂಬಿರಬೇಕು, ಅರಳಿರಬಾರದು. ರಾತ್ರಿ ಮೈಮೇಲೇ ಅರಳಲಿ. ಬಾಳೆ ನಾರಿನಲ್ಲಿ ಒತ್ತಾಗಿ ಕಟ್ಟಿದ ಮಾಲೆ ಒಳ್ಳೆಯದು. ಪ್ಲಾಸ್ಟಿಕ್ ದಾರದ್ದು ಚರ್ಮ ಕೊರೆಯುತ್ತದೆ, ಜರಿ ಸುತ್ತಿದ್ದು ಬೇಡವೇ ಬೇಡ. ತೊಟ್ಟು ಉದ್ದ ಇದ್ದರೆ ಕತ್ತರಿಯಿಂದ ಒಂದೊಂದೇ ಕತ್ತರಿಸಿ. ಬೇಜಾರು ಮಾಡಿಕೊಳ್ಳಬೇಡಿ, ನೊಂದ ಎದೆಗೆ ಒಂದು ತೊಟ್ಟು ಚುಚ್ಚಿದರೂ ಜೀವ ಹೋಗುತ್ತದೆ. ಆಮೇಲೆ ಅಗಲ ಪಾತ್ರೆಯ ನೀರಿನಲ್ಲಿ ಎರಡು ಸಲ ಅದ್ದಿ ಎತ್ತಿ. ಹುಳ ಇರುತ್ತದೆ, ಹೊಡೆದ ಔಷಧಿಯೂ ಇರುತ್ತದೆ. ಹಿಂಡಬೇಡಿ, ಜಾಡಿಸಿ. ಒದ್ದೆ ಅರಿವೆಯಲ್ಲಿ ಸುತ್ತಿ ನೀರಿನ ಹರವಿಯ ಮಗ್ಗುಲಲ್ಲಿ ಇಡಿ. ಫ್ರಿಡ್ಜ್ ಇದ್ದರೆ ಕೆಳಗಿನ ಅರೆಯಲ್ಲಿ ಸ್ವಲ್ಪ ಹೊತ್ತು. ಮೇಲೆ ಬರ್ಫದ ಜಾಗದಲ್ಲಿ ಇಟ್ಟರೆ ಹೂವು ಸುಟ್ಟು ಕಪ್ಪಾಗುತ್ತದೆ.

ಎದೆ ಒರೆಸಿ ಒಣಗಿಸಿ. ಮಾಲೆಯನ್ನು ಕೊಡದ ಕೆಳಗಿನ ಸಿಂಬೆಯ ಹಾಗೆ ಸುತ್ತುತ್ತಾ ಎದೆಯ ಮೇಲೆ ಕೂರಿಸಿ, ಮೊಲೆತೊಟ್ಟಿನ ಜಾಗ ಬಿಟ್ಟು. ಕಂಕುಳ ಕಡೆಗೂ ಒಂದು ಸುತ್ತು ಹೋಗಬೇಕು, ಬಾವು ಅಲ್ಲಿಯವರೆಗೂ ಇರುತ್ತದೆ. ಅದನ್ನು ಬಹಳ ಜನ ಮರೆಯುತ್ತಾರೆ. ಮೇಲೆ ಹಳೇ ಧೋತ್ರದ ತುಂಡು, ಅದರ ಮೇಲೆ ಬ್ರಾ. ಮಾಲೆಯ ದಾರವನ್ನು ಮೈಗೆ ಕಟ್ಟಬೇಡಿ. ಹೂವು ಕಂದಿದಾಗ ಬದಲಿಸಿ. ಎಷ್ಟು ಮೊಳ ಅಂತ ಕೇಳಬೇಡಿ, ಎದೆ ಮುಚ್ಚುವಷ್ಟು. ತುರಿಕೆ ಬಂದರೆ ತಕ್ಷಣ ತೆಗೆದುಬಿಡಿ. ಕೂಸಿಗೆ ಹಾಲುಣಿಸುವ ಮನಸ್ಸು ಇನ್ನೂ ಇರುವವರು ಇದನ್ನು ಮಾಡಲೇಬೇಡಿ. ಇದು ಬತ್ತಿಸುವ ದಾರಿ.

ಚಳಿಗಾಲದಲ್ಲಿ ಮಲ್ಲಿಗೆ ಸಿಗುವುದು ಕಷ್ಟ, ಸಿಕ್ಕರೂ ರೇಟು ಕೇಳುವಂತಿಲ್ಲ. ಕೆಲವರಿಗೆ ಆ ವಾಸನೆಗೆ ತಲೆ ನೋಯುತ್ತದೆ. ಅಂಥವರಿಗೆ ಬೆಳಗಾವಿ ಕಡೆಯಿಂದ ಬರುವ ಎಲೆಕೋಸು ಇದೆ. ಒಳಗಿನ ಎಲೆ ಬಿಡಿಸಿ ತೊಳೆದು, ದಪ್ಪ ನರ ಕತ್ತರಿಸಿ, ತಂಪು ಮಾಡಿ, ಲಟ್ಟಣಿಗೆ ಆಡಿಸಿ ಮೆತ್ತಗಾದ ಮೇಲೆ ಇಡಿ. ಬಾಡಿದಾಗ ಬದಲಿಸಿ. ಕೋಸಿಗಿಂತ ಅದರ ತಂಪೇ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಲೆಕ್ಕ. ಉಳಿದದ್ದನ್ನು ಪಚಡಿ ಮಾಡಿ, ಮನೆಯವರು ತಿನ್ನಲಿ. ಎರಡೂ ಇಲ್ಲದಿದ್ದರೆ ಬರ್ಫವನ್ನು ಅರಿವೆಯಲ್ಲಿ ಸುತ್ತಿ ಕಾಲು ಗಂಟೆ ಇಟ್ಟು ತೆಗೆಯಿರಿ. ಬರೀ ಬರ್ಫ ಚರ್ಮಕ್ಕೆ ತಾಗಬಾರದು.

ಹಾಲು ಸೋರುವುದು ಇದ್ದೇ ಇರುತ್ತದೆ, ರವಿಕೆಯ ಒಳಗೆ ಅರಿವೆಯ ಮಡಿಕೆ ಇಟ್ಟು ಒದ್ದೆಯಾದಾಗ ಬದಲಿಸಿ. ಆ ಅರಿವೆಗಳನ್ನು ತಂದು ಸೀದಾ ಬಿಸಿ ನೀರಿಗೆ ಹಾಕುತ್ತೀರಲ್ಲ, ಅದೊಂದು ನೋಡಲಾಗುವುದಿಲ್ಲ ನನಗೆ. ಹಾಲಿನ ಕಲೆ ಬಿಸಿ ನೀರು ಕಂಡರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸಾಬೂನು, ಆಮೇಲೆ ಬಿಸಿಲು. ಇಳಕಲ್ ಸೀರೆಗೆ ಬಿದ್ದಿದ್ದರೆ ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಒಣಗಿಸಿ.

ನೋವಿಗೆ ಪ್ಯಾರಾಸಿಟಮಾಲ್ ತಗೊಂಡರೆ ತಪ್ಪೇನಿಲ್ಲ, ಡಾಕ್ಟರನ್ನು ಕೇಳಿ ತಗೊಳ್ಳಿ. ಹಾಲು ಬತ್ತಿಸುವ ಮಾತ್ರೆಯನ್ನು ಮಾತ್ರ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಹಳೆಯ ಬ್ರೋಮೊಕ್ರಿಪ್ಟಿನ್ ಮಾತ್ರೆಯಿಂದ ಕೆಲವು ಬಾಣಂತಿಯರಿಗೆ ಬಿಪಿ ಏರಿ ಫಿಟ್ಸ್, ಲಕ್ವ ಆದ ವರದಿ ಬಂದು, ಅಮೆರಿಕದಲ್ಲಿ 1994ರಲ್ಲೇ ಈ ಕೆಲಸಕ್ಕೆ ಅದನ್ನು ಕೊಡುವುದು ನಿಂತಿತು. ಬಸುರಿನಲ್ಲಿ ಬಿಪಿ ಇದ್ದವರಂತೂ ಡಾಕ್ಟರ ಮುಂದೆ ಅದನ್ನು ಹೇಳದೆ ಯಾವ ಮಾತ್ರೆಗೂ ಕೈ ಚಾಚಬಾರದು.

ಎದೆಯ ಒಂದೇ ಭಾಗ ಕೆಂಪಾಗಿ ಉರಿಯುತ್ತಿದ್ದರೆ, ಜ್ವರ 100.4 ದಾಟಿದರೆ, ಚಳಿ ನಡುಕ ಬಂದರೆ ಮಲ್ಲಿಗೆ, ಕೋಸು ಎಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಬಾಣಂತಿ ಜ್ವರಕ್ಕೆ ಮನೆಯಲ್ಲಿ ಕಷಾಯ ಕುದಿಸುತ್ತಾ ಕೂರುವ ಕಾಲ ಹೋಯಿತು.

ಮನೆಗೆ ಬರುವ ಹೆಂಗಸರಿಗೂ ಒಂದು ಮಾತು. "ಯಾಕವ್ವಾ, ಎದಿ ಹಾಲ ಕುಡಸೂದಿಲ್ಲೇನ?" ಅಂತ ಕೇಳಬೇಡಿ. ಔಷಧಿ ತಗೊಳ್ಳುತ್ತಿರಬಹುದು, ರೋಗ ಇರಬಹುದು, ಮನಸ್ಸೇ ಇಲ್ಲದಿರಬಹುದು. ಅದು ಅವಳ ವಿಷಯ. ಕೈಯಲ್ಲಿ ಹೂವು ಇದ್ದರೆ ಕೊಟ್ಟು ಹೋಗಿ.

ಬತ್ತಿತು ಅಂದುಕೊಂಡ ಮೇಲೂ ಕೂಸು ಅತ್ತಾಗ ಒಂದೆರಡು ಹನಿ ಜಿನುಗಬಹುದು. ಇನ್ನೂ ಇದೆಯಾ ಅಂತ ಒತ್ತಿ ನೋಡಬೇಡಿ. ನೋಡುತ್ತಾ ಇದ್ದರೆ ಅದು ಬರುತ್ತಲೇ ಇರುತ್ತದೆ.