ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಕೈಯಿಂದಲೇ ಒಡೆಯುವ ಬಗೆ

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು. ಹೀಗೆ ಅರವತ್ತನಾಲ್ಕು ಮನೆಗೂ ಇಟ್ಟರೆ ಒಟ್ಟು ಎಷ್ಟು ಎಂದು ಮೊಮ್ಮಗಳು ಕೇಳಿದಳು. ಅವಳ ಮೊಬೈಲ್ ಮೊದಲ ಕೆಲವು ಅಂಕಿ ತೋರಿಸಿ ಕೈಚೆಲ್ಲಿತು. ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದವನು ನಾನು, ಸುಮ್ಮನಿರಲಾದೀತೇ? ಉತ್ತರ, 2ರ 64ನೆಯ ಘಾತಕ್ಕಿಂತ ಒಂದು ಕಡಿಮೆ: 1,84,46,74,40,73,70,95,51,615.

ಈಗ ಇದನ್ನು ಯಾವ ಯಾವ ಸಂಖ್ಯೆಗಳು ಶೇಷವಿಲ್ಲದೆ ಭಾಗಿಸುತ್ತವೆ ಎಂದು ನೋಡೋಣ. ಚೌಕಗಳಿರುವ ನೋಟ್‌ಬುಕ್ಕಿನಲ್ಲಿ ಮನೆಗೊಂದು ಅಂಕಿ ಬರೆಯಿರಿ. ಕೊನೆಯಲ್ಲಿ 15 ಇದೆ, ಆದ್ದರಿಂದ 5 ಭಾಗಿಸುತ್ತದೆ, 25 ಭಾಗಿಸದು. ಅಂಕಿಗಳ ಮೊತ್ತ 87. ಅದನ್ನು 3 ಭಾಗಿಸುತ್ತದೆ, 9 ಭಾಗಿಸದು; ಇಡೀ ಸಂಖ್ಯೆಗೂ ಹಾಗೆಯೇ.

ಇಷ್ಟಕ್ಕೇ ಬೀಗಬೇಡಿ. ನಾನು ಮೊದಲ ಸಲ 95,51 ಎನ್ನುವುದನ್ನು 95,15 ಎಂದು ಬರೆದಿದ್ದೆ. ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲವಲ್ಲ, ತಪ್ಪು ಸಿಕ್ಕಿರಲಿಲ್ಲ. ಅದನ್ನು ಹಿಡಿದದ್ದು 1001ರ ಪರೀಕ್ಷೆ. ನಮ್ಮ ಲಕ್ಷ, ಕೋಟಿಗಳ ಅಲ್ಪವಿರಾಮ ಇಲ್ಲಿ ಅಡ್ಡ ಬರುತ್ತದೆ, ಅಳಿಸಿಬಿಡಿ. ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ಬಿಟ್ಟು ಒಂದನ್ನು ಕಳೆಯಿರಿ: 615 − 551 + 709 − 73 + 744 − 446 + 18 = 1016. ಅದರಲ್ಲಿ 1001 ತೆಗೆದರೆ 15. 1001 ಎಂದರೆ 7 × 11 × 13. 15ನ್ನು ಈ ಮೂರರಿಂದ ಭಾಗಿಸಿದರೆ ಶೇಷ 1, 4, 2. ಮೂರೂ ಭಾಜಕಗಳಲ್ಲ. ತಾಳೆ ನೋಡಲು: 8ನ್ನು 7ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 2ರ 63ನೆಯ ಘಾತಕ್ಕೂ ಶೇಷ 1, 64ನೆಯದಕ್ಕೆ 2, ಒಂದು ಕಳೆದರೆ 1. ನನ್ನ ತಪ್ಪು ಸಂಖ್ಯೆಗೆ 2 ಬಂದಿತ್ತು.

ಇನ್ನು ಒಡೆಯುವ ಕೆಲಸ, ಅಂದರೆ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯುವುದು. ವರ್ಗಗಳ ವ್ಯತ್ಯಾಸದ ಸೂತ್ರವನ್ನು, ಅಂದರೆ a² − b² = (a − b)(a + b) ಎನ್ನುವುದನ್ನು, ಮತ್ತೆ ಮತ್ತೆ ಹಚ್ಚಿ. ಘಾತ 64ರಿಂದ 32, 16, 8 ಎಂದು ಇಳಿಯುತ್ತದೆ. ಕೊನೆಗೆ ಉಳಿಯುವುದು 3, 5, 17, 257, 65,537 ಮತ್ತು 4,29,49,67,297. ಮೊದಲ ಐದೂ ಅವಿಭಾಜ್ಯಗಳು. ಆರನೆಯದೂ ಹಾಗೆಯೇ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು 641ರಿಂದ ಭಾಗಿಸಿ ತೋರಿಸಿದ. ಗುಟ್ಟು ಇಷ್ಟೇ: ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಬೇಟೆ! ಭಾಗಲಬ್ಧ 67,00,417. ಅದರ ವರ್ಗಮೂಲ 2,588ರ ಆಸುಪಾಸು. ಅಷ್ಟರೊಳಗೆ ಪರೀಕ್ಷಿಸಬೇಕಾದವು 641, 769, 1153, 1217, 1409, 1601, 2113 ಮಾತ್ರ. ಏಳು ಭಾಗಾಕಾರ, ಏಳರಲ್ಲೂ ಶೇಷ. ಅದೂ ಅವಿಭಾಜ್ಯವೇ.

ಒಟ್ಟು ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು. ಎರಡನ್ನು ಏಳು ಸಲ ಗುಣಿಸಿದರೆ 128 ಭಾಜಕಗಳು. ಪಟ್ಟಿ ಮಾಡಿ 127 ಬಂದರೆ ಗಾಬರಿಯಾಗಬೇಡಿ, 1ನ್ನು ಬಿಟ್ಟಿರುತ್ತೀರಿ. ಮೊಮ್ಮಗಳೂ ಬಿಟ್ಟಿದ್ದಳು.