ಹೂವಿನ ದಾರದಲ್ಲಿ ಅಳೆದ ಸ್ಯಾನ್ ಫ್ರಾನ್ಸಿಸ್ಕೋ

ಮಗಳ ಟಿಕೆಟ್ ಮೊಬೈಲಿಗೆ ಬಂದ ದಿನ ಅವ್ವ ಕೇಳಿದ್ದು ಒಂದೇ ಮಾತು. ‘ತಮ್ಮಾ, ಎಷ್ಟು ತಾಸಿನ ದಾರಿ ಅದ? ರೊಟ್ಟಿ ಎಷ್ಟು ಕಟ್ಲಿ?’ ಟಿಕೆಟ್ ಓದಿ ಹೇಳಿದೆ. ಜನವರಿಯಲ್ಲಿ ಬೆಂಗಳೂರಿಂದ ಮಧ್ಯಾಹ್ನ 2:30ಕ್ಕೆ ಹೊರಟು ಅದೇ ದಿನ ಸಂಜೆ 6ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ‘ಮೂರೂವರಿ ತಾಸೇನು? ಕಲಬುರಗಿಯಿಂದ ಬೆಂಗಳೂರಿಗೇ ಉದ್ಯಾನ್ ಗಾಡಿಗೆ ಒಂದು ರಾತ್ರಿ ಬೇಕಲ್ಲೋ!’

ದಾರಿ ಎಷ್ಟು ದೂರ ಅಂತ ನೋಡಲು ಗೋಡೆಯ ನಕಾಶೆ ಮೇಲೆ ಸ್ಕೇಲ್ ಇಟ್ಟೆ. ಗೆರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಯಿತು. ಅದು ತಪ್ಪು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದರೆ ಉತ್ತರದ ಕಡೆ ಎಲ್ಲಾ ಹಿಗ್ಗುತ್ತದೆ. ಮಗಳ ಹಳೇ ಗ್ಲೋಬ್ ತೆಗೆದೆ, ಅವ್ವ ಹೂ ಕಟ್ಟುವ ದಾರ ಕೊಟ್ಟಳು. ಎರಡೂ ಊರಿನ ಮೇಲೆ ಬೆರಳಿಟ್ಟು ಬಿಗಿಯಾಗಿ ಎಳೆದರೆ ದಾರ ತಾನೇ ಜಾರಿ ಹಿಮಾಲಯ, ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಕೂತಿತು! ಉದ್ದ 33 ಸೆಂ.ಮೀ. ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಒಟ್ಟು 14,000 ಚಿಲ್ಲರೆ.

ದಾರವನ್ನು ನಂಬಲು ಮನಸ್ಸಾಗದೆ, ಸೈನ್ (sin), ಕೊಸೈನ್ (cos) ಗುಂಡಿಗಳಿರುವ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕವನ್ನೂ ಮಾಡಿದೆ. ಎರಡೂ ಊರಿನ ಅಕ್ಷಾಂಶಗಳ ಸೈನ್ ಗುಣಿಸಿ ಇಟ್ಟುಕೊಳ್ಳಬೇಕು. ಎರಡರ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ ಅದಕ್ಕೆ ಕೂಡಿಸಬೇಕು. ಬಂದದ್ದಕ್ಕೆ ಉಲ್ಟಾ ಕೊಸೈನ್ ಒತ್ತಿದರೆ ಎರಡೂ ಊರಿನ ನಡುವಿನ ದೂರ ಡಿಗ್ರಿಯಲ್ಲಿ ಸಿಗುತ್ತದೆ, ಒಂದು ಡಿಗ್ರಿಗೆ 111.2 ಕಿ.ಮೀ. ಮೊದಲ ಸಲ ಬಂದದ್ದು ಬರೀ 5,175 ಕಿ.ಮೀ.! ತಲೆ ಕೆರೆದುಕೊಂಡು ನೋಡಿದರೆ, ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮ ರೇಖಾಂಶ 122.38ಕ್ಕೆ ಮೈನಸ್ ಹಾಕಿರಲಿಲ್ಲ, ಅದು ಪೂರ್ವ ರೇಖಾಂಶ ಆಗಿಬಿಟ್ಟಿತ್ತು. ಮಗಳನ್ನು ಚೀನಾ ಕರಾವಳಿಯ ಸಮುದ್ರಕ್ಕೆ ಇಳಿಸಿಬಿಟ್ಟಿದ್ದೆ. ಮೈನಸ್ ಹಾಕಿದ ಮೇಲೆ 125.8 ಡಿಗ್ರಿ, ಸುಮಾರು 13,990 ಕಿ.ಮೀ. ಹೂವಿನ ದಾರವೇ ಗೆದ್ದಿತ್ತು.

ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಓಡುತ್ತದೆ, ಹದಿನೈದೂವರೆ ತಾಸು. ಏರಲು, ಇಳಿಯಲು ಅರ್ಧ ತಾಸು ಸೇರಿಸಿ 16 ಅಂದುಕೊಂಡೆ. ಟಿಕೆಟ್ ಪ್ರಕಾರ? ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಅಲ್ಲಿನ ಸಂಜೆ 6 ಅಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 7:30. ಒಟ್ಟು 17 ತಾಸು. ಉಳಿದ ಒಂದು ತಾಸು ಎಲ್ಲಿ ಹೋಯಿತು? ಟಿಕೆಟ್ಟಿನ ಸಮಯದಲ್ಲಿ ನೆಲದ ಮೇಲೆ ಉರುಳುವುದೂ ಸೇರುತ್ತದೆ. ಮೇಲಾಗಿ ವಿಮಾನ ದಾರದ ಗೆರೆ ಮೇಲೇ ಹಾರುವುದಿಲ್ಲ. ಟಿಬೆಟ್ಟಿನ ಎತ್ತರ, ಗಾಳಿ ಎಲ್ಲಾ ನೋಡಿ ಸ್ವಲ್ಪ ಸುತ್ತು ಹಾಕುತ್ತದೆ. (ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ತಾಸು ಮುಂದೆ ತಿರುಗಿಸುತ್ತಾರೆ, ಆಗ ಹನ್ನೆರಡೂವರೆ ಕೂಡಿಸಬೇಕು.)

ರೈಲಿನ ರಾತ್ರಿ, ವಿಮಾನ ನಿಲ್ದಾಣದಲ್ಲಿ ಕಾಯುವುದು, ಮತ್ತೆ ಈ 17 ತಾಸು. ಬೆರಳು ಮಡಿಚಿ ಅವ್ವನಿಗೆ ಒಪ್ಪಿಸಿದೆ. ‘ವಿಮಾನದಾಗ ಊಟ ಕೊಡ್ತಾರವ್ವ’ ಅಂದೆ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಕಟ್ಟಿದ್ದು ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ.