ಆಧಾರ್ ಪ್ರತಿ ಕೊಡುವ ಮುನ್ನ ಅನುಮಾನವುಳ್ಳವರು ಮಾಡಬೇಕಾದದ್ದು

ಸರ್ಕಾರದ ಗುರುತಿನ ಚೀಟಿಗಳ ಬಗ್ಗೆ ಜನರಿಗಿರುವ ಅನುಮಾನ ಇಂದು ನಿನ್ನೆಯದಲ್ಲ. ಆಧಾರ್ ಯೋಜನೆಯನ್ನು 2012ರಲ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆ ಮೊಕದ್ದಮೆಯಲ್ಲಿಯೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆದರೂ ದಾವಣಗೆರೆಯಲ್ಲಿ ಪಡಿತರಕ್ಕೂ ಗೃಹಲಕ್ಷ್ಮಿಗೂ ಅದೇ ಸಂಖ್ಯೆ ಬೇಕಾಗಿರುವಾಗ, ಕಾರ್ಡೇ ಬೇಡವೆಂದು ಕೂರುವುದು ಬಹುಪಾಲು ಕುಟುಂಬಗಳಿಗೆ ಆಗದ ಮಾತು. ಅನುಮಾನವನ್ನು ಕಾರ್ಡಿಗಿಂತ ಅದರ ಒಂದೊಂದು ಜೆರಾಕ್ಸ್ ಪ್ರತಿಯ ಮೇಲೆ ಇಡುವುದು ಲೇಸು.

ಮೊದಲು, ಕೇಳುತ್ತಿರುವವರು ಯಾರೆಂದು ನೋಡಿ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 26ರ ತೀರ್ಪಿನಂತೆ ಸರ್ಕಾರದ ಸಹಾಯಧನಗಳಿಗೂ ಪ್ಯಾನ್ ಜೋಡಣೆಗೂ ಆಧಾರ್ ಕೇಳಬಹುದು. ಸಿಮ್, ಬ್ಯಾಂಕ್ ಖಾತೆ, ಶಾಲಾ ದಾಖಲಾತಿಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ. ಲಾಡ್ಜಿನವರಿಗೆ, ಮನೆ ಬಾಡಿಗೆಗೆ ಕೊಡುವವರಿಗೆ ಮತದಾರರ ಗುರುತಿನ ಚೀಟಿಯನ್ನೋ ಡ್ರೈವಿಂಗ್ ಲೈಸೆನ್ಸನ್ನೋ ಮುಂದಿಡಿ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ಕಾರ್ಡನ್ನು ನೋಡಿ ಹಿಂದಿರುಗಿಸುತ್ತಾರೆ, ಪ್ರತಿ ಇಟ್ಟುಕೊಳ್ಳುವುದಿಲ್ಲ. ಉಳಿದವರಿಗೂ ಅಷ್ಟೇ ಸಾಕಾದೀತೇ ಎಂದು ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಪ್ರತಿ ಕೊಡಲೇಬೇಕಾದರೆ ಮೈ ಆಧಾರ್ ಪೋರ್ಟಲ್‌ನಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ. ಪ್ರತಿಯ ಮೇಲೆ ಅಡ್ಡಲಾಗಿ, ಫೋಟೊದ ಅಂಚಿಗೆ ತಾಗುವಂತೆ, ಯಾರಿಗೆ, ಯಾವ ಕೆಲಸಕ್ಕೆ ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿ. ಪೂರ್ತಿ ಸಂಖ್ಯೆಯ ಪ್ರತಿಗಳನ್ನು ಎಲ್ಲೆಂದರಲ್ಲಿ ಕೊಡಬೇಡಿ ಎಂದು ಆಧಾರ್ ನೀಡುವ ವಿಶಿಷ್ಟ ಗುರುತಿನ ಪ್ರಾಧಿಕಾರದ ಬೆಂಗಳೂರು ಕಚೇರಿಯೇ 2022ರ ಮೇ ತಿಂಗಳಲ್ಲಿ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದ ಮೇಲೆ, ಎರಡೇ ದಿನದಲ್ಲಿ, ಅದನ್ನು ಹಿಂಪಡೆಯಲಾಯಿತು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಹೆಚ್ಚು ಎಚ್ಚರ ಬೇಕಾದದ್ದು ಜೆರಾಕ್ಸ್ ಅಂಗಡಿಯಲ್ಲಿ. ಪ್ರಿಂಟ್ ತೆಗೆಸಲು ನಾವು ಅಂಗಡಿಯವರ ವಾಟ್ಸಾಪ್‌ಗೆ ಕಳಿಸುವ ಫೈಲು, ಕಾಗದ ಕೈಗೆ ಬಂದ ಮೇಲೂ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದಿರುತ್ತದೆ. ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ ಸೇರಿದರೆ ಅದೇ ಪಾಸ್‌ವರ್ಡ್, ನೆರೆಮನೆಯವರೂ ಊಹಿಸಬಲ್ಲರು. ಪ್ರಿಂಟ್ ಆದ ಕೂಡಲೇ ನಿಮ್ಮೆದುರಿಗೇ ಫೈಲನ್ನೂ ಚಾಟನ್ನೂ ಅಳಿಸಲು ಹೇಳಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ.

ಬೆರಳಚ್ಚಿನದು ಬೇರೆಯೇ ಸಮಸ್ಯೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಸಂಖ್ಯೆ ಮತ್ತು ಹೆಬ್ಬೆಟ್ಟು ಇದ್ದರೆ ಖಾತೆಯಿಂದ ಹಣ ತೆಗೆಯಬಹುದು, ಓಟಿಪಿ ಬರುವುದಿಲ್ಲ. ಆದ್ದರಿಂದ ಮೈ ಆಧಾರ್ ಪೋರ್ಟಲ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ; ಇದಕ್ಕೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಲಾಕ್ ಇರುವಾಗ ನ್ಯಾಯಬೆಲೆ ಅಂಗಡಿಯ ಯಂತ್ರವೂ ಬೆರಳನ್ನು ಒಪ್ಪುವುದಿಲ್ಲವಾದ್ದರಿಂದ, ಸರದಿ ಹತ್ತಿರ ಬಂದಾಗಷ್ಟೇ ತಾತ್ಕಾಲಿಕವಾಗಿ ತೆರೆಯಿರಿ.

ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿನೆದುರು ವರ್ಷಗಟ್ಟಲೆ ದುಡಿದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಲಾಕ್ ಇಲ್ಲದಿದ್ದರೂ ಯಂತ್ರ ಒಪ್ಪದಿರಬಹುದು. ಅಂಥವರು ಬರಿಗೈಯಲ್ಲಿ ಮರಳಬೇಕಿಲ್ಲ. ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಓಟಿಪಿ ಮೂಲಕ ಕೊಡಲು ಕೇಳಿ, ಒಪ್ಪದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಆಗಾಗ ಪೋರ್ಟಲ್‌ನಲ್ಲಿ ದೃಢೀಕರಣದ ಇತಿಹಾಸವನ್ನೂ ತೆರೆದು ನೋಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಸಂಖ್ಯೆ ಎಲ್ಲೆಲ್ಲಿ ಬಳಕೆಯಾಗಿದೆಯೆಂಬ ವಿವರ ಅಲ್ಲಿರುತ್ತದೆ. ಗೊತ್ತಿಲ್ಲದ ನಮೂದು ಕಂಡರೆ ಕೂಡಲೇ ಲಾಕ್ ಮಾಡಿ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ದೂರು ಕೊಡಿ.